900 ಮಿಲಿಮೀಟರ್ ಖಾಲಿ ಜಾಗ

ಗೇಟನ್ನು ಒಂದು ಗೇಣು ತೆರೆದು ಕೈ ಬಿಡುತ್ತಾರೆ. ಅದು ತಾನಾಗಿ ಬಂದು ಟಕ್ಕೆಂದು ಕೂರುತ್ತದೆ. ಅರ್ಧಕ್ಕೆ ತೆರೆದು ಬಿಡುತ್ತಾರೆ, ಮತ್ತೆ ಟಕ್. ಪೂರ್ತಿ ತೆರೆದು ಬಿಡುತ್ತಾರೆ. ಈ ಸಲ ರಭಸ ಹೆಚ್ಚು, ಆದರೂ ಬಡಿದು ಹಿಂದಕ್ಕೆ ಪುಟಿಯದೆ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಕೊನೆಯದು. ಲ್ಯಾಚಿನ ಎರಡು ತುಂಡುಗಳು ಇನ್ನೇನು ತಾಗಬೇಕು ಎನ್ನುವಷ್ಟು ಹತ್ತಿರಕ್ಕೆ ಗೇಟನ್ನು ತಂದು ನಿಲ್ಲಿಸಿ, ತಳ್ಳದೆ ಬಿಡುವುದು. ಓಡಿಬಂದ ಬಲ ಬೆನ್ನಿಗಿಲ್ಲದ ಗೇಟು ಅಲ್ಲಿಂದಲೂ ಹೊರಟು ಚಿಲಕ ಹಾಕಿಕೊಳ್ಳಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಮನೆ ಹಿತ್ತಿಲಿನ ಈಜುಕೊಳಕ್ಕೆ ಸರ್ಟಿಫಿಕೇಟ್ ಕೊಡಲು ಬರುವವರು ಮಾಡುವ ಪರೀಕ್ಷೆ ಇದು. ಗೇಟು ಒಂದೇ ಒಂದು ಭಂಗಿಯಲ್ಲಿ ಸೋತರೂ ಇಡೀ ಬೇಲಿ ಸೋತ ಲೆಕ್ಕ.

ನೋಡುವವರಿಗೆ ಇದು ಅತಿಯಾಯಿತು ಅನ್ನಿಸಬಹುದು. ಸೊಂಟದಿಂದ ತುಸು ಮೇಲಕ್ಕೆ ಬರುವ ಒಂದು ಬೇಲಿ, ಒಂದು ಗೇಟು. ಅದಕ್ಕೆ 1992ರಲ್ಲಿ ಬಂದ ಒಂದು ಪ್ರತ್ಯೇಕ ಕಾಯಿದೆ, ಅದರ ಬೆನ್ನಿಗೆ 'ಎಎಸ್ 1926.1' ಎಂಬ ಮಾನದಂಡ, ಆ ಮಾನದಂಡದಲ್ಲಿ ಮಿಲಿಮೀಟರ್ ಲೆಕ್ಕದ ಚಿತ್ರಗಳು. ಆದರೆ ಈ ಬೇಲಿಯ ಎದುರಾಳಿ ಯಾರೆಂದು ಗೊತ್ತಾದ ಮೇಲೆ ಆ ಮಿಲಿಮೀಟರುಗಳೆಲ್ಲ ಬೇರೆಯಾಗಿಯೇ ಕಾಣುತ್ತವೆ. ಕಳ್ಳನನ್ನು ತಡೆಯಲು ಕಟ್ಟಿದ್ದಲ್ಲ ಇದು, ದನ ನುಗ್ಗದಿರಲೆಂದೂ ಅಲ್ಲ. ಐದು ವರ್ಷ ತುಂಬದ ಮಗುವಿಗಾಗಿ ಕಟ್ಟಿದ್ದು. ಆ ವಯಸ್ಸಿನ ಮಗುವಿಗೆ ಕುತೂಹಲವಿದೆ, ಹಟವಿದೆ, ಕುರ್ಚಿ ಎಳೆದು ತಂದು ಹತ್ತುವ ಬುದ್ಧಿಯಿದೆ. ನೀರಿನ ಭಯ ಮಾತ್ರ ಇಲ್ಲ. ದೇಹಕ್ಕೆ ಹೋಲಿಸಿದರೆ ತಲೆ ಭಾರ, ಬಗ್ಗಿದರೆ ಮುಗ್ಗರಿಸುತ್ತದೆ. ನೀರಿಗೆ ಬಿದ್ದ ಮಗು ಸಿನಿಮಾದಲ್ಲಿ ತೋರಿಸುವಂತೆ ಕೈ ಬಡಿದು ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಪಕ್ಕದ ಕೋಣೆಯಲ್ಲಿದ್ದವರಿಗೂ ಕೇಳಿಸುವುದಿಲ್ಲ.

ಹಾಗಾಗಿ ಕಾಯಿದೆ ಆಳದಿಂದಲೇ ಶುರುವಾಗುತ್ತದೆ. 300 ಮಿಲಿಮೀಟರಿಗಿಂತ ಹೆಚ್ಚು ಆಳಕ್ಕೆ ನೀರು ತುಂಬಬಹುದಾದದ್ದು ಏನೇ ಇರಲಿ, ಈಜಲೆಂದೋ ಆಡಲೆಂದೋ ಇಟ್ಟಿದ್ದರೆ ಅದಕ್ಕೆ ಬೇಲಿ ಬೇಕು. ಒಂದು ಅಡಿಯೂ ಇಲ್ಲದ ಆಳ ಇದು. ಬೇಸಿಗೆ ಬಂತೆಂದು ಅಂಗಡಿಯಿಂದ ತಂದು ಗಾಳಿ ಊದಿ ಹಿತ್ತಿಲಲ್ಲಿ ಇಡುವ ಪ್ಲಾಸ್ಟಿಕ್ ತೊಟ್ಟಿಯೂ ಈ ಅಳತೆ ದಾಟಿದರೆ ಕಾಯಿದೆಯ ಕಣ್ಣಿಗೆ ಈಜುಕೊಳವೇ. ತೊಟ್ಟಿಗೆ ಕೊಟ್ಟ ದುಡ್ಡಿನ ಎಷ್ಟೋ ಪಟ್ಟು ಬೇಲಿಗೆ ಬೀಳುತ್ತದೆ. ಇದು ಎಷ್ಟೋ ಮನೆಗಳಿಗೆ ತಡವಾಗಿ ತಿಳಿಯುವ ಸಂಗತಿ.

ಬೇಲಿಯ ಎತ್ತರ ಕನಿಷ್ಠ 1200 ಮಿಲಿಮೀಟರ್. ಎಲ್ಲಿಂದ ಅಳೆಯಬೇಕು ಎನ್ನುವುದರಲ್ಲಿ ಕಸುಬಿನ ಮೊದಲ ಪಾಠವಿದೆ. ಕೊಳದ ಕಡೆಯ ನೆಲದಿಂದ ಅಳೆದರೆ ತಪ್ಪು. ಮಗು ಬರುವುದು ಹೊರಗಿನಿಂದ, ಆದ್ದರಿಂದ ಟೇಪು ಹಿಡಿಯಬೇಕಾದದ್ದು ಹೊರಗಿನ ನೆಲದ ಮೇಲೆ. ಬೇಲಿ ಕೂರಿಸಿದ ದಿನ ಎಲ್ಲ ಸರಿಯಿರುತ್ತದೆ. ಆಮೇಲೆ ಮನೆಯವರು ಬೇಲಿಯುದ್ದಕ್ಕೂ ಹೂವಿನ ಪಾತಿ ಮಾಡುತ್ತಾರೆ, ಮಣ್ಣು ಏರಿಸುತ್ತಾರೆ, ಅದರ ಮೇಲೆ ಮರದ ಚೂರು ಹರಡುತ್ತಾರೆ. ಬೇಲಿ ಒಂದಿಷ್ಟೂ ಕದಲಿಲ್ಲ, ಆದರೆ 1200 ಇದ್ದದ್ದು 1050 ಆಯಿತು. ಅನುಭವಿ ಫೆನ್ಸರುಗಳು ಇದನ್ನು ಮೊದಲೇ ಊಹಿಸಿ, ಪಾತಿ ಎಲ್ಲಿ ಬರುತ್ತದೆ, ಟೈಲ್ಸ್ ಎಷ್ಟು ದಪ್ಪ ಎಂದೆಲ್ಲ ಕೇಳಿಕೊಂಡೇ ಕಂಬ ನೆಡುತ್ತಾರೆ.

ಬೇಲಿಯ ತಳಕ್ಕೂ ನೆಲಕ್ಕೂ ನಡುವೆ 100 ಮಿಲಿಮೀಟರಿಗಿಂತ ಹೆಚ್ಚು ಸಂದಿ ಇರಬಾರದು. ನೆಟ್ಟನೆಯ ಸರಳುಗಳ ನಡುವೆಯೂ ಅದೇ ಲೆಕ್ಕ. ಪುಟ್ಟ ಮಗುವಿನ ತಲೆ, ಎದೆ ನುಸುಳದ ಅಳತೆ ಅದು. ಸರಳುಗಳನ್ನು ಹಿಡಿದಿಡಲು ಮೇಲೊಂದು ಕೆಳಗೊಂದು ಅಡ್ಡಪಟ್ಟಿ ಬೇಕು. ಇವೆರಡರ ನಡುವಿನ ಅಂತರ 900 ಮಿಲಿಮೀಟರಿಗೆ ಕಡಿಮೆಯಾದರೆ ಅದು ಏಣಿಯಾಗಿಬಿಡುತ್ತದೆ. ಆಸ್ಟ್ರೇಲಿಯಾದ ಹಿತ್ತಿಲುಗಳಲ್ಲಿ ಸಾಲುಸಾಲಾಗಿ ಕಾಣುವ ಕಪ್ಪು ಅಲ್ಯೂಮಿನಿಯಂ ಬೇಲಿಯ ರೂಪ ಬಂದದ್ದೇ ಹೀಗೆ. ನಡುವೆ ಅಡ್ಡಪಟ್ಟಿಯಿಲ್ಲ, ಅಲಂಕಾರದ ಬಳ್ಳಿಯಿಲ್ಲ, ಕಾಲಿಡಲು ಒಂದು ಸುರುಳಿಯೂ ಇಲ್ಲ. ನೋಡಲು ಬೋಳುಬೋಳು ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಮಾತ್ರ ಅದರ ಬೋಳುತನವೇ ಇಷ್ಟ.

ಇಳಿಜಾರಿನ ಹಿತ್ತಿಲು ಬಂದರೆ ಫೆನ್ಸರಿನ ನಿಜವಾದ ಕೈಚಳಕ ಗೊತ್ತಾಗುತ್ತದೆ. ಪ್ಯಾನೆಲುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರೆ ಪ್ರತಿ ಪ್ಯಾನೆಲಿನ ಕೆಳತುದಿಯಲ್ಲಿ ತ್ರಿಕೋನಾಕಾರದ ಸಂದಿ ಬಾಯಿಬಿಡುತ್ತದೆ, ಇಳಿದ ಪ್ಯಾನೆಲಿನ ಮೇಲ್ತುದಿ ಪಕ್ಕದ ಎತ್ತರದ ನೆಲಕ್ಕೆ ಹತ್ತಿರವಾಗಿ ಕೂತು ಗಿಡ್ಡವಾಗುತ್ತದೆ. ಕೆಳಗಿನ ಸಂದಿ 100 ದಾಟುವಂತಿಲ್ಲ, ಮೇಲಿನ ಎತ್ತರ 1200ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಇಳಿಜಾರಿಗೆ ತಕ್ಕಂತೆ ಓರೆಯಾಗಿ ಬಗ್ಗುವ ಪ್ಯಾನೆಲುಗಳು ಬಂದಿವೆ. ಅವುಗಳಲ್ಲಿ ಸರಳುಗಳು ನೆಟ್ಟಗೇ ಉಳಿದು ಪಟ್ಟಿಗಳು ಮಾತ್ರ ವಾಲುತ್ತವೆ. ಅವೂ ಸಾಲದಾದಾಗ ಬೇಲಿಯಡಿಗೆ ಒಂದು ಗಿಡ್ಡ ಕಾಂಕ್ರೀಟ್ ಕಟ್ಟೆ ಬರುತ್ತದೆ.

ಇಷ್ಟೆಲ್ಲ ಬೇಲಿಯ ವಿಷಯವಾಯಿತು. ಆದರೆ ಈ ಕಸುಬಿನ ಜಾಣ್ಮೆಯೆಲ್ಲ ಇರುವುದು ಬೇಲಿಯ ಹೊರಗಿನ ಖಾಲಿ ಜಾಗದಲ್ಲಿ. ಬೇಲಿಯ ಮೇಲ್ತುದಿಯನ್ನು ಕೇಂದ್ರವಾಗಿಟ್ಟುಕೊಂಡು ಹೊರಗಡೆಗೆ, ಕೆಳಮುಖವಾಗಿ, 900 ಮಿಲಿಮೀಟರ್ ತ್ರಿಜ್ಯದ ಕಾಲುವೃತ್ತ ಎಳೆಯಿರಿ. ಆ ಕಮಾನಿನ ಒಳಗೆ ಹತ್ತಲು ಸಿಗುವ ಏನೂ ಇರಕೂಡದು. ಪುಟ್ಟ ಮಗು ಒಂದು ಕಡೆ ಕಾಲೂರಿ ಇನ್ನೊಂದು ಕಡೆಗೆ ಕೈಚಾಚಬಹುದಾದ ದೂರವನ್ನು ನೆನಪಿಟ್ಟುಕೊಂಡ ಅಳತೆ ಅದು. 'ಏನೂ' ಎಂದರೆ ನಿಜವಾಗಿಯೂ ಏನೂ: 10 ಮಿಲಿಮೀಟರಿಗಿಂತ ಹೆಚ್ಚು ಹೊರಚಾಚಿದ ಅಂಚು ಸಾಕು, ಮಗುವಿನ ಹೆಬ್ಬೆರಳಿಗೆ ಅದು ಮೆಟ್ಟಿಲು. ಹೂಕುಂಡ, ಬಾರ್ಬೆಕ್ಯೂ, ಎ.ಸಿ.ಯ ಹೊರಗಿನ ಪೆಟ್ಟಿಗೆ, ನಲ್ಲಿ, ನಾಯಿಗೂಡು, ಸೈಕಲ್ಲು, ಬಾಗಿದ ಕೊಂಬೆ ಎಲ್ಲವೂ ಅಪರಾಧಿಗಳೇ. ಸಿಡ್ನಿಯ ನಮ್ಮವರ ಮನೆಯಲ್ಲಾದರೆ ಬಿಸಿಲು ಚೆನ್ನಾಗಿ ಬೀಳುತ್ತದೆಂದು ಪೂಲಿನ ಬೇಲಿಗೆ ಒತ್ತಿಕೊಂಡು ಇಟ್ಟ ತುಳಸಿ ಕುಂಡವೂ ಈ ಪಟ್ಟಿಗೆ ಸೇರುತ್ತದೆ. ಅದನ್ನು ಅಂಗಳದ ಮಧ್ಯಕ್ಕೆ ತಂದರೆ ಪ್ರದಕ್ಷಿಣೆಗೂ ಅನುಕೂಲ.

ಬೇಲಿಯ ಒಳಬದಿಯ ಲೆಕ್ಕ ಬೇರೆ. ಸರಳುಗಳ ಸಂದಿಯಲ್ಲಿ ಮಗುವಿನ ಮೈ ನುಗ್ಗದಿದ್ದರೂ ಕೈಕಾಲು ನುಗ್ಗುತ್ತವಲ್ಲ. ಸಂದಿ 10 ಮಿಲಿಮೀಟರಿಗಿಂತ ದೊಡ್ಡದಿದ್ದಲ್ಲಿ ಒಳಗಡೆ 300 ಮಿಲಿಮೀಟರ್ ದೂರದವರೆಗೂ ಕಾಲಿಡುವಂಥದ್ದೇನೂ ಇರಬಾರದು. ಬೇಲಿಗೆ ತಾಗಿಕೊಂಡು ಒಳಗಿಟ್ಟ ಕಲ್ಲುಬೆಂಚಿನ ಮೇಲೆ ಸರಳುಗಳ ಮಧ್ಯದಿಂದ ಪಾದ ಇಟ್ಟು ಹತ್ತುವ ಮಗುವನ್ನು ಯಾರೋ ಒಬ್ಬರು ಮನಸ್ಸಿನಲ್ಲಿ ಕಂಡಿರಬೇಕು. ಈ ನಿಯಮಗಳನ್ನು ಓದುವಾಗ ನನಗೆ ಮೆಚ್ಚುಗೆ ಹುಟ್ಟುವುದು ಇಂಥಲ್ಲಿ. ಬರೆದವರು ಮೇಜಿನ ಹಿಂದೆ ಕೂತವರಂತೆ ಯೋಚಿಸಿಲ್ಲ, ಮಂಡಿಯೂರಿ ಮಗುವಿನ ಎತ್ತರಕ್ಕೆ ಇಳಿದು ಬೇಲಿ ನೋಡಿದ್ದಾರೆ.

ಪೂಲಿನ ಬೇಲಿ ಹೋಗಿ ಅಕ್ಕಪಕ್ಕದ ಮನೆಗಳ ನಡುವಿನ ಹಳೆಯ ಮರದ ಬೇಲಿಗೆ ಸೇರುವ ಮೂಲೆ ಇನ್ನೊಂದು ಕಗ್ಗಂಟು. ಮರದ ಬೇಲಿಗೆ ಒಂದು ಬದಿಯಲ್ಲಿ ಅಡ್ಡಪಟ್ಟಿಗಳಿರುತ್ತವೆ. ಅವುಗಳ ಮೇಲೆ ಕಾಲಿಟ್ಟು ಮಗು ಪೂಲಿನ ಬೇಲಿಯನ್ನು ಪಕ್ಕದಿಂದ ದಾಟಬಹುದು. ಪಟ್ಟಿ ಕಿತ್ತರೆ ಬೇಲಿಯೇ ಬೀಳುತ್ತದೆ. ಅದಕ್ಕೆ ಬಡಗಿಯ ಉಪಾಯವೆಂದರೆ ಪಟ್ಟಿಯ ಮೇಲುಗಡೆ ಮುಮ್ಮೂಲೆಯ ಮರದ ತುಂಡನ್ನು ಉದ್ದಕ್ಕೂ ಬಡಿಯುವುದು. ಅದರ ಇಳಿಜಾರು 60 ಡಿಗ್ರಿಯಷ್ಟು ಕಡಿದಾಗಿದ್ದರೆ ಇಟ್ಟ ಕಾಲು ಜಾರುತ್ತದೆ. ಸಣ್ಣ ಖರ್ಚು, ಒಂದು ಮಧ್ಯಾಹ್ನದ ಕೆಲಸ, ಮೂಲೆ ಸುರಕ್ಷಿತ.

ಗಡಿಬೇಲಿಯನ್ನೇ ಪೂಲಿನ ಬೇಲಿಯ ಒಂದು ಬದಿಯಾಗಿ ಬಳಸಿದರೆ ನಿಯಮ ಪೂರಾ ತಿರುಗಿ ನಿಲ್ಲುತ್ತದೆ. ಎತ್ತರ 1800 ಮಿಲಿಮೀಟರ್ ಆಗಬೇಕು, ಅದನ್ನು ಅಳೆಯುವುದು ಕೊಳದ ಕಡೆಯಿಂದ. ಹತ್ತಲು ಆಸರೆ ಇರಬಾರದ 900 ಮಿಲಿಮೀಟರ್ ಪಟ್ಟಿಯೂ ಒಳಬದಿಗೆ, ಬೇಲಿಯ ಮೇಲ್ತುದಿಯಿಂದ ಕೆಳಕ್ಕೆ. ಯಾಕೆ? ಬೇಲಿಯಾಚೆ ಪಕ್ಕದ ಮನೆಯವರ ಜಾಗ. ಅವರು ಅಲ್ಲಿ ಸೌದೆ ಒಟ್ಟಬಹುದು, ಮಕ್ಕಳಿಗೆ ಮರದ ಗುಡಿಸಲು ಕಟ್ಟಬಹುದು; ನಾಳೆ ಏನಿಡುತ್ತಾರೋ ನಮ್ಮ ಕೈಯಲ್ಲಿಲ್ಲ. ಆ ಕಡೆಯಿಂದ ಮಗು ಬೇಲಿಯ ತುದಿಗೆ ಹತ್ತಿಯೇ ಹತ್ತುತ್ತದೆ ಎಂದು ಒಪ್ಪಿಕೊಂಡು ನಿಯಮ ಮುಂದಿನದನ್ನು ಯೋಚಿಸುತ್ತದೆ: ತುದಿಯಲ್ಲಿ ಕೂತ ಮಗು ಕೆಳಗೆ ನೋಡಿದರೆ ಕಾಲಿಡಲು ಏನೂ ಕಾಣಬಾರದು, ನೆಲ ದೂರವಿರಬೇಕು. ನಮ್ಮ ಹಿಡಿತ ಎಲ್ಲಿಯವರೆಗಿದೆಯೋ ಅಲ್ಲಿಗೆ ಮಾತ್ರ ನಿಯಮ ಕಟ್ಟುವುದು ಒಂದು ವಿವೇಕ. ಕಾಯಿದೆ ಬರೆಯುವವರಿಗೆ ಅದು ಸಾಮಾನ್ಯವಾಗಿ ಒಲಿಯುವುದಿಲ್ಲ.

ಈಗ ಗೇಟಿಗೆ ಬರೋಣ. ಬೇಲಿ ಸುಮ್ಮನೆ ನಿಂತಿರುತ್ತದೆ, ದುಡಿಯುವುದು ಗೇಟು. ಅದು ಯಾವಾಗಲೂ ಕೊಳಕ್ಕೆ ಬೆನ್ನು ಮಾಡಿ ಹೊರಕ್ಕೇ ತೆರೆದುಕೊಳ್ಳಬೇಕು. ಲ್ಯಾಚು ಎಂದಾದರೂ ಕೆಟ್ಟು ಸರಿಯಾಗಿ ಕೂರದೆ ಹೋಯಿತೆನ್ನಿ. ಮಗು ಬಂದು ಗೇಟಿಗೆ ಮೈಯೊರಗಿಸಿ ತಳ್ಳುತ್ತದೆ. ಒಳಕ್ಕೆ ತೆರೆಯುವ ಗೇಟಾಗಿದ್ದರೆ ತೆರೆದುಬಿಡುತ್ತಿತ್ತು. ಹೊರಕ್ಕೆ ತೆರೆಯುವ ಗೇಟನ್ನು ತಳ್ಳಿದಷ್ಟೂ ಅದು ಮುಚ್ಚಿಕೊಳ್ಳುತ್ತದೆ. ಮಗುವಿನ ಬಲವೇ ಮಗುವಿಗೆ ಕಾವಲು.

ತಾನಾಗಿ ಮುಚ್ಚಿಕೊಳ್ಳುವ ಕೆಲಸ ಹಿಂಜಿನ ಸ್ಪ್ರಿಂಗಿನದು. ಅದನ್ನು ಸ್ಕ್ರೂಡ್ರೈವರಿನಿಂದ ಬಿಗಿ ಮಾಡಬಹುದು, ಸಡಿಲಿಸಬಹುದು. ಬಿಗಿ ಕಡಿಮೆಯಾದರೆ ಒಂದು ಗೇಣು ತೆರೆದ ಗೇಟಿಗೆ ಮುಚ್ಚಿಕೊಳ್ಳುವ ಶಕ್ತಿ ಸಾಲದು. ಹೆಚ್ಚಾದರೆ ಪೂರ್ತಿ ತೆರೆದ ಗೇಟು ಧಡಾರೆಂದು ಬಡಿದು, ಲ್ಯಾಚು ಹಿಡಿಯುವ ಮೊದಲೇ ಪುಟಿದು ಹಿಂದೆ ಬರುತ್ತದೆ. ಇವೆರಡರ ನಡುವಿನ ಹದ ಹಿಡಿಯಲು ಫೆನ್ಸರು ಅರ್ಧ ತಿರುವು ಬಿಗಿ ಮಾಡಿ, ಬಿಟ್ಟು ನೋಡಿ, ಕಾಲು ತಿರುವು ಸಡಿಲಿಸಿ, ಮತ್ತೆ ಬಿಟ್ಟು ನೋಡುತ್ತಾ ನಿಲ್ಲುತ್ತಾನೆ. ಆ ಹದವೂ ಶಾಶ್ವತವಲ್ಲ. ಜೇಡಿಮಣ್ಣಿನ ನೆಲ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ, ಗೇಟಿನ ಕಂಬ ಕೂದಲೆಳೆಯಷ್ಟು ವಾಲುತ್ತದೆ. ಅಷ್ಟು ಸಾಕು, ಲ್ಯಾಚು ಎದುರುಬದುರಾಗಿ ಸೇರುವುದಿಲ್ಲ. ಮಕ್ಕಳು ಗೇಟಿಗೆ ಜೋತುಬಿದ್ದು ಆಡಿದರೆ ಗೇಟು ಜಗ್ಗುತ್ತದೆ. ಕ್ಲೋರಿನ್ನು, ಕಡಲ ಗಾಳಿ ಸೇರಿ ಕಬ್ಬಿಣದ ಸ್ಪ್ರಿಂಗನ್ನು ತಿನ್ನುತ್ತವೆ. ಈಗ ಪ್ಲಾಸ್ಟಿಕ್ ಮೈಯ ಹಿಂಜುಗಳು ಹೆಚ್ಚು ಚಾಲ್ತಿಯಲ್ಲಿರುವುದು ಅದಕ್ಕೇ.

ಲ್ಯಾಚಿನ ಕತೆ ಇನ್ನೂ ಸೊಗಸು. ಹಳೆಯ ಬಗೆಯ ಲ್ಯಾಚಿನಲ್ಲಿ ಗೇಟು ಬಂದು ಒಂದು ನಾಲಿಗೆಯನ್ನು ಒತ್ತಿ ಸರಿಸಬೇಕು, ಆಮೇಲೆ ನಾಲಿಗೆ ಹಿಂದಕ್ಕೆ ಹಾರಿ ಹಿಡಿದುಕೊಳ್ಳಬೇಕು. ಹಾಗೆ ಒತ್ತಲು ಬಲ ಬೇಕು, ನಿಧಾನವಾಗಿ ಬಂದ ಗೇಟಿಗೆ ಅದೇ ಇರುವುದಿಲ್ಲ. ಅಯಸ್ಕಾಂತದ ಲ್ಯಾಚು ಈ ಸಮಸ್ಯೆಯನ್ನೇ ಅಳಿಸಿಹಾಕಿತು. ಗೇಟಿನ ಮೇಲಿನ ತುಂಡು ಕಂಬದ ಮೇಲಿನ ತುಂಡಿಗೆ ನೇರವಾಗಿ ಬಂದಾಗ ಅಯಸ್ಕಾಂತ ಒಂದು ಗೂಟವನ್ನು ಎಳೆದುಕೊಳ್ಳುತ್ತದೆ, ಗೂಟ ಗೂಡಿಗೆ ಬೀಳುತ್ತದೆ, ಮುಗಿಯಿತು. ಮುಚ್ಚುವಾಗ ಅಡ್ಡಿ ಮಾಡುವ ಸ್ಪ್ರಿಂಗೇ ಇಲ್ಲ. ತೆರೆಯಬೇಕಾದರೆ ಉದ್ದನೆಯ ಕೊಳವೆಯ ತುದಿಯಲ್ಲಿರುವ ಗುಂಡಿಯನ್ನು ಮೇಲಕ್ಕೆ ಎಳೆಯಬೇಕು. ಆ ಗುಂಡಿ ನೆಲದಿಂದ ಕನಿಷ್ಠ 1500 ಮಿಲಿಮೀಟರ್ ಎತ್ತರದಲ್ಲಿರಬೇಕು. ಬೇಲಿ 1200 ಇದ್ದರೂ ಗೇಟಿನ ಕಂಬ ಮಾತ್ರ ಬೇಲಿಗಿಂತ ಎತ್ತರಕ್ಕೆ ತಲೆಯೆತ್ತಿ ನಿಂತಿರುವುದು ಈ ಕಾರಣಕ್ಕೆ. ಗುಂಡಿಯನ್ನು ಅಷ್ಟು ಮೇಲೆ ಇಡಲು ಆಗದಿದ್ದರೆ ಲ್ಯಾಚನ್ನು ಒಳಬದಿಗೆ, ಗೇಟಿನ ತುದಿಯಿಂದ ಕೆಳಗೆ ಅಡಗಿಸಬೇಕು, ಅದರ ಸುತ್ತ 450 ಮಿಲಿಮೀಟರ್ ದೂರಕ್ಕೆ 10 ಮಿಲಿಮೀಟರಿಗಿಂತ ದೊಡ್ಡ ಸಂದಿಯಿಲ್ಲದಂತೆ ಹಲಗೆ ಕಟ್ಟಬೇಕು. ಮಗುವಿನ ಕೈ ಸುತ್ತಿ ಬಳಸಿ ಅಲ್ಲಿಗೆ ತಲುಪಬಾರದು.

ಗಾಜಿನ ಬೇಲಿಯ ಬಗ್ಗೆ ಹೇಳದಿದ್ದರೆ ಫೆನ್ಸರುಗಳು ಬೇಸರಿಸಿಕೊಂಡಾರು, ದುಬಾರಿ ಕೆಲಸ ಅದೇ. ಚೌಕಟ್ಟಿಲ್ಲದ ಬೇಲಿಗೆ ಸಾಮಾನ್ಯವಾಗಿ ಬಳಸುವುದು 12 ಮಿಲಿಮೀಟರ್ ದಪ್ಪದ ಟಫನ್ಡ್ ಗಾಜು. ಚದರ ಮೀಟರಿಗೆ 30 ಕಿಲೋ ತೂಕ. ಒಂದೂವರೆ ಮೀಟರ್ ಅಗಲದ ಹಲಗೆ ಎತ್ತಲು ಇಬ್ಬರು ಬೇಕು. 600 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಕಾಯಿಸಿ ತಣ್ಣನೆ ಗಾಳಿ ಊದಿ ಥಟ್ಟನೆ ಆರಿಸಿದ ಗಾಜು ಅದು, ಒಡೆದರೆ ಚೂಪಾದ ಹೋಳುಗಳಾಗದೆ ಸಣ್ಣ ಹರಳುಗಳಾಗಿ ಉದುರುತ್ತದೆ. ಆದರೆ ಕಾಯಿಸಿ ಆರಿಸಿದ ಮೇಲೆ ಅದನ್ನು ಕತ್ತರಿಸುವಂತಿಲ್ಲ, ತೂತು ಕೊರೆಯುವಂತಿಲ್ಲ. ಅಳತೆಯೆಲ್ಲ ಮೊದಲೇ ಮುಗಿಯಬೇಕು. ಕಾಂಕ್ರೀಟಿನಲ್ಲಿ ಗುಂಡಿ ಕೊರೆದು ಸ್ಟೀಲಿನ ಗಿಡ್ಡ ಗೂಟಗಳನ್ನು ಒಂದೇ ಸಾಲಿಗೆ ನೆಟ್ಟು ಗ್ರೌಟ್ ತುಂಬುವವನು ಒಂದು ಗೂಟವನ್ನು ಎರಡು ಮಿಲಿಮೀಟರ್ ಆಚೀಚೆ ಇಟ್ಟರೆ ಗಾಜು ಕೂತ ಮೇಲೆ ದೂರದಿಂದಲೇ ಕಾಣುತ್ತದೆ. ಗಾಜಿನ ನಿಜವಾದ ಗುಣ ಅಂದವಲ್ಲ, ಅಡುಗೆಮನೆಯಿಂದ ಕೊಳ ಪೂರ್ತಿ ಕಾಣುತ್ತದಲ್ಲ, ಅದು. ಆದರೂ ನನ್ನ ಮತ ಕಪ್ಪು ಸರಳುಗಳಿಗೇ. ವಾರಕ್ಕೊಮ್ಮೆ ಉಪ್ಪಿನ ಕಲೆ ಒರೆಸುವ ಕೆಲಸ ಯಾರಿಗೆ ಬೇಕು.

ಬೇಲಿ ಎಲ್ಲಿ ಸುತ್ತಬೇಕು ಎನ್ನುವ ಪ್ರಶ್ನೆಗೆ ಈಗ ಉತ್ತರ ಸ್ಪಷ್ಟ: ಕೊಳದ ನಾಲ್ಕೂ ಕಡೆ, ಮನೆಯಿಂದಲೂ ಬೇರ್ಪಡಿಸಿ. ನ್ಯೂ ಸೌತ್ ವೇಲ್ಸ್‌ನಲ್ಲಿ 1990ರ ಆಗಸ್ಟ್ 1ಕ್ಕಿಂತ ಮೊದಲು ಕಟ್ಟಿದ ಕೊಳಗಳಿಗೆ ಮನೆಯ ಗೋಡೆಯನ್ನೇ ಒಂದು ಬದಿಯಾಗಿ, ಮಗು ತೆರೆಯಲಾಗದ ಬಾಗಿಲುಗಳನ್ನೇ ತಡೆಯಾಗಿ ಬಳಸಲು ಅವಕಾಶವಿತ್ತು. ಆದರೆ ಮಗು ಇರುವುದೇ ಮನೆಯೊಳಗೆ. ಹಿತ್ತಿಲನ್ನೆಲ್ಲ ಸುತ್ತಿದ ಬೇಲಿ ಬೀದಿಯ ಮಗುವನ್ನು ತಡೆದೀತು, ಮನೆಯ ಮಗುವನ್ನಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುವಂತೆ, ಹಿತ್ತಿಲಿನ ಗಡಿಗೆ ಮಾತ್ರ ಬೇಲಿ ಇರುವ ಕೊಳಕ್ಕೆ ಹೋಲಿಸಿದರೆ ನಾಲ್ಕೂ ಕಡೆ ಬೇಲಿ ಇರುವ ಕೊಳದಲ್ಲಿ ಮಗು ಮುಳುಗುವ ಅಪಾಯ ಶೇ 83ರಷ್ಟು ಕಡಿಮೆ. ಬೇರೆ ದೇಶಗಳ ಲೆಕ್ಕ ಸ್ವಲ್ಪ ಆಚೀಚೆ. ನ್ಯೂಜಿಲೆಂಡಿನದೂ 1200 ಮಿಲಿಮೀಟರೇ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಶಿಫಾರಸು 48 ಅಂಗುಲ, ಅಲ್ಲಿಯೂ ಗೇಟು ಹೊರಕ್ಕೇ ತೆರೆಯಬೇಕು. ಫ್ರಾನ್ಸಿನಲ್ಲಿ ಬೇಲಿಯ ಬದಲು ಅಲಾರಂ, ಮುಚ್ಚಳ ಅಥವಾ ಮಾಡು ಆರಿಸಿಕೊಳ್ಳಬಹುದು. ಅಲಾರಂ ಕೂಗುವುದು ಮಗು ನೀರಿಗೆ ಬಿದ್ದ ಮೇಲೆ ತಾನೆ ಎಂಬ ಅನುಮಾನ ನನ್ನದು.

ಕರ್ನಾಟಕದಿಂದ ಹೋಗಿ ಸಿಡ್ನಿಯಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಈ ಕಾಯಿದೆ ಕಾಗದದ ರೂಪದಲ್ಲಿ ಎದುರಾಗುತ್ತದೆ. 2016ರ ಏಪ್ರಿಲ್ 29ರಿಂದ, ಪೂಲಿರುವ ಮನೆ ಬಾಡಿಗೆಗೆ ಕೊಡಬೇಕಾದರೆ ಕರಾರಿನ ಜೊತೆ ಬೇಲಿಯ ಸರ್ಟಿಫಿಕೇಟ್ ಇರಲೇಬೇಕು. ಅದರ ಆಯುಷ್ಯ ಮೂರು ವರ್ಷ. ಮನೆ ಮಾರುವಾಗಲಾದರೆ ಬೇಲಿ ಸರಿಯಿಲ್ಲವೆಂಬ ಪತ್ರ ಲಗತ್ತಿಸಿಯೂ ಮಾರಬಹುದು, ಕೊಂಡವರು 90 ದಿನದಲ್ಲಿ ಸರಿಪಡಿಸಿಕೊಳ್ಳಬೇಕು. ಕಾಗದ ಕೊಡುವುದು ಮಾಲೀಕನ ಹೊಣೆ. ಆದರೆ ಬೇಲಿಗೆ ಕುರ್ಚಿ ಒರಗಿಸುವವರು, ಗೇಟಿಗೆ ಇಟ್ಟಿಗೆ ಅಡ್ಡ ಇಡುವವರು ಮನೆಯಲ್ಲಿರುವವರೇ. ಮೊಮ್ಮಗುವನ್ನು ನೋಡಿಕೊಳ್ಳಲು ಊರಿನಿಂದ ಬಂದ ಅಜ್ಜ ಅಜ್ಜಿಯರಿಗೆ ಬಟ್ಟೆ ಒಣಹಾಕಲು ಹೋಗುವಾಗಲೆಲ್ಲ ಮುಚ್ಚಿಕೊಳ್ಳುವ ಗೇಟು ಕಿರಿಕಿರಿ. ಬಂದ ಮೊದಲ ದಿನವೇ ಅವರನ್ನು ಗೇಟಿನ ಹತ್ತಿರ ಕರೆದೊಯ್ದು, "ಅಮ್ಮ, ಇದನ್ನು ಯಾವತ್ತೂ ತೆರೆದು ನಿಲ್ಲಿಸಬೇಡಿ" ಎಂದು ತೋರಿಸಿಕೊಡುವುದು ಒಳ್ಳೆಯದು.

ನಮ್ಮಲ್ಲಿಯೂ ನೀರಿನ ಸುತ್ತ ಬೇಲಿ ಹೊಸದಲ್ಲ. ಕೃಷಿ ಭಾಗ್ಯ ಯೋಜನೆಯಲ್ಲಿ ಕೃಷಿ ಹೊಂಡದ ಜೊತೆಗೆ ಅದರ ಸುತ್ತ ತಂತಿ ಬೇಲಿಗೂ ಸಹಾಯಧನವಿದೆ. ಪ್ಲಾಸ್ಟಿಕ್ ಹಾಸಿದ ಹೊಂಡದ ಅಂಚು ಜಾರಿದರೆ ದೊಡ್ಡವರಿಗೂ ಮೇಲೆ ಬರುವುದು ಕಷ್ಟ, ಹಾಗಾಗಿ ಬೇಲಿ ಬೇಕೇ ಬೇಕು. ಆದರೆ ಹತ್ತುವ ಮಗುವಿನ ಕಣ್ಣಿನಿಂದ ನೋಡಿದರೆ ದೊಡ್ಡ ಕಣ್ಣಿನ ಜಾಲರಿ ಎಂದರೆ ಕಾಲಿಡಲು ಸಾಲುಸಾಲು ಗೂಡುಗಳು. ಆಸ್ಟ್ರೇಲಿಯಾದ ಮಾನದಂಡದ ಪ್ರಕಾರ ಜಾಲರಿಯ ಕಣ್ಣು 13 ಮಿಲಿಮೀಟರಿಗಿಂತ ದೊಡ್ಡದಾದರೆ 1200 ಎತ್ತರ ಸಾಲುವುದಿಲ್ಲ, ಬೇಲಿ ಇನ್ನೂ ಎತ್ತರವಾಗಬೇಕು. ಬೆಂಗಳೂರಿನ ವಿಲ್ಲಾಗಳಲ್ಲಿ ಪೂಲು ಕಟ್ಟಿಸುವವರು ಟೈಲ್ಸಿನ ಬಣ್ಣಕ್ಕೆ ಕೊಡುವ ಹೊತ್ತಿನಲ್ಲಿ ಸ್ವಲ್ಪವನ್ನು ಗೇಟಿನ ಹಿಂಜಿಗೂ ಕೊಡಬಹುದು.

ಕೊನೆಗೊಂದು ಸಣ್ಣ ವಸ್ತು: ಫಲಕ. ನ್ಯೂ ಸೌತ್ ವೇಲ್ಸ್‌ನ ಪ್ರತಿ ಪೂಲಿನ ಹತ್ತಿರ ಒಂದು ಫಲಕ ಇರಬೇಕು, ಮೂರು ಮೀಟರ್ ದೂರದಿಂದ ಓದುವಂತಿರಬೇಕು. ಪುಟ್ಟ ಮಕ್ಕಳ ಮೇಲೆ ನಿಗಾ ಇರಲಿ, ಗೇಟು ಸದಾ ಮುಚ್ಚಿರಲಿ, ಬೇಲಿಯಿಂದ 900 ಮಿಲಿಮೀಟರ್ ಒಳಗೆ ಏನೂ ಇಡಬೇಡಿ ಎಂಬ ಸೂಚನೆಗಳ ಜೊತೆಗೆ ಉಸಿರು ನಿಂತವರಿಗೆ ಎದೆ ಒತ್ತಿ ಉಸಿರು ತುಂಬುವ ವಿಧಾನದ ಚಿತ್ರವೂ ಅದರಲ್ಲಿರುತ್ತದೆ. ಬಿಸಿಲಿಗೆ ಅಕ್ಷರ ಅಳಿಸಿದರೂ ಸರ್ಟಿಫಿಕೇಟ್ ಸಿಗುವುದಿಲ್ಲ. ಹೊಸ ಫಲಕ ಬಿಗಿಯಲು ಒಂದು ಡ್ರಿಲ್ಲು, ನಾಲ್ಕು ಸ್ಕ್ರೂ ಸಾಕು. ಅದನ್ನು ಬೇಲಿಯ ಹೊರಬದಿಗೆ ಬಿಗಿಯುವುದಾದರೆ ಮಾತ್ರ ಫಲಕದ ಅಂಚು ಸರಳಿನಿಂದ 10 ಮಿಲಿಮೀಟರಿಗಿಂತ ಹೆಚ್ಚು ಹೊರಚಾಚದಂತೆ ಚಪ್ಪಟೆಯಾಗಿ ಕೂರಿಸಬೇಕು, ಇಲ್ಲವಾದರೆ ಹತ್ತಲು ಆಸರೆ ಇಡಬೇಡಿ ಎನ್ನುವ ಫಲಕದ ಮೇಲೆಯೇ ಮಗು ಕಾಲಿಟ್ಟೀತು.